ಸಾರಿನಲ್ಲಿ ಕಂಡ ಹಸಿರು ಬೆಳಕು

ಬಡಾವಣೆ ಸಂಘದ ಅಧ್ಯಕ್ಷರಾದ ಗುರುಬಸಪ್ಪನವರೇ, ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದೂ ಇಂದು ನಮ್ಮೆಲ್ಲರಿಗಿಂತ ಎತ್ತರಕ್ಕೇರಿದ ಡಾಕ್ಟರ್ ಹೇಮಶ್ರೀಯವರೇ, ಸೆಖೆಯನ್ನೂ ಲೆಕ್ಕಿಸದೆ ಬಂದಿರುವ ರಾಜಾಜಿನಗರದ ಸಭಿಕರೇ,

ಚುಟುಕಾಗಿರಲಿ ಎಂದು ಅಧ್ಯಕ್ಷರು ಕಣ್ಣಲ್ಲೇ ಹೇಳುತ್ತಿದ್ದಾರೆ. ಐ ವಿಲ್ ಟ್ರೈ.

ಈ ಹುಡುಗಿ ಕಂಡುಹಿಡಿದದ್ದೇನು? ಒಂದು ದ್ರವ. ನೀರಲ್ಲಿ ಕರಗಿ ಅಡಗಿದ ಸೀಸವನ್ನು ಅದು ಹುಡುಕಿ ಹಿಡಿಯುತ್ತದೆ. ಹಿಡಿದೊಡನೆ, ನೋಟು ಪರೀಕ್ಷಿಸುವಂಥ ನೀಲಿ ದೀಪದಡಿ, ತಾನೇ ಹೊಳೆಯುತ್ತದೆ. ಫ್ಲೋರೆಸೆನ್ಸ್! ನಾನೂ ಬಿಎಸ್ಸಿ, ಥರ್ಡ್ ಕ್ಲಾಸ್, ಬಟ್ ಫುಲ್ ಅಟೆಂಡೆನ್ಸ್. ನಮ್ಮ ಕಾಲದಲ್ಲಿ ಸೀಸ ಹುಡುಕಲು ಬಿಡುತ್ತಿದ್ದ ಗ್ಯಾಸಿಗೆ ಇಡೀ ಕಾಲೇಜು ಕೊಳೆತ ಮೊಟ್ಟೆ ನಾರುತ್ತಿತ್ತು.

ನಮ್ಮ ಮನೆಯವರು ನೀಲಗಂಗಮ್ಮ ತೀರಿಕೊಂಡ ಮೇಲೂ ಅವರ ಹಿತ್ತಾಳೆ ಪಾತ್ರೆಯಲ್ಲೇ ನನ್ನ ಸಾರು. ಕಲಾಯಿ ಸವೆದಿತ್ತು, ಬೀದಿಯಲ್ಲಿ ಬಂದವರ ಕೈಲಿ ಹಾಕಿಸಿದೆ. ಬೆಳ್ಳಿಯಂತೆ ಥಳಥಳ! ಕೆಲವು ತಿಂಗಳ ಬಳಿಕ ಹೇಮಶ್ರೀಯ ಅಕ್ಕ ರಂಜಿನಿ ಹೆರಿಗೆಗೆಂದು ಬಂದಳು.

"ಅಂಕಲ್, ಆಂಟಿ ಪಾತ್ರೆ ಸಾರು ಉಣ್ಬೇಕು ಅನ್ನಿಸ್ತಿದೆ."

ಬಸುರಿಯ ಬಯಕೆಗೆ ಇಲ್ಲವೆನ್ನಲಾದೀತೇ? ಹುಣಸೆಹಣ್ಣು ಕಿವುಚಿ ಕುದಿಸಿದೆ. ಹೇಮಶ್ರೀ ಇಣುಕಿದಳು.

"ಅಂಕಲ್, ಈ ಕಲಾಯಿ ಬರೀ ತವರನೇನಾ? ಸೀಸ ಬೆರೆಸ್ತಾರೆ ಕೆಲವ್ರು. ಟೆಸ್ಟ್ ಮಾಡ್ಲಾ?"

"ನಿಮ್ ಆಂಟಿ ಪಾತ್ರೆಗೂ ಪರೀಕ್ಷೇನಾ? ನಿಂಗೆ ಡಾಕ್ಟರ್ ಪಟ್ಟ ಕೊಟ್ಟಿದ್ದೇ ತಪ್ಪಾಯ್ತು ಕಣಮ್ಮ!"

ರಂಜಿನಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. ಹೇಮಶ್ರೀ ಸಾರನ್ನು ಸೋಸಿ, ನೀರು ಬೆರೆಸಿ ತಿಳಿಮಾಡಿ, ತನ್ನ ದ್ರವದ ಒಂದು ಹನಿ ಬಿಟ್ಟು ದೀಪ ಹಿಡಿದಳು.

ಏನೆಂದು ಹೇಳಲಿ, ಸಭಿಕರೇ? ಹಸಿರು! ಬಾಳೆಯ ಸುಳಿಯಂಥ ಎಳೆಹಸಿರು! ಪಕ್ಕದ ಲೋಟದಲ್ಲಿ ಬರೀ ನಲ್ಲಿನೀರಿಗೆ ಅದೇ ಹನಿ ಬಿಟ್ಟಿದ್ದಳು. ಅದು ಕಪ್ಪಗೇ ಉಳಿಯಿತು. ವಿಷ ಇಷ್ಟು ಚೆಂದ ಇರಬಹುದೇ? ನನ್ನ ಕಣ್ಣಿಗೆ ಕಾಣದ್ದು, ನಾಲಿಗೆಗೆ ಹತ್ತದ್ದು, ನನ್ನ ಬಿಎಸ್ಸಿಗೂ ಹೊಳೆಯದ್ದು ಒಂದು ಹನಿಗೆ ಗೊತ್ತಾಯಿತು.

"ಸೀಸ, ಅಂಕಲ್. ಹೊಟ್ಟೆಲಿರೋ ಮಗೂಗೂ ಇಳಿಯತ್ತೆ. ಮಿದುಳಿಗೇ ಪೆಟ್ಟು."

ನಾನು ಮೋರಿಗೆ ಚೆಲ್ಲಹೊರಟರೆ, "ಚೆಲ್ಬೇಡಿ, ಲ್ಯಾಬಿಗೆ ಬೇಕು" ಎಂದು ಸಾರಿನ ಪಾತ್ರೆಯನ್ನೇ ಕಸಿದುಕೊಂಡಳು. ನಾನು ತಿಂಗಳುಗಟ್ಟಲೆ ಉಂಡದ್ದಕ್ಕೆ ರಕ್ತಪರೀಕ್ಷೆಗೂ ಎಳೆದುಕೊಂಡು ಹೋದಳು. ಆ ವಿಷಯ ಇಲ್ಲಿ ಬೇಡ, ಗುಳಿಗೆ ನಡೆದಿದೆ.

ಅಂದು ಸ್ಟೀಲ್ ಪಾತ್ರೆಯಲ್ಲಿ ಮತ್ತೆ ಸಾರಿಟ್ಟೆ. ನನಗದು ಸಪ್ಪೆ. ರಂಜಿನಿ ಮಾತ್ರ ಹೊಟ್ಟೆಯ ಮೇಲೆ ಕೈಯಿಟ್ಟು ನಕ್ಕಳು:

"ಒಳಗಿಂದ ಒದೀತಿದೆ ಅಂಕಲ್, ಇನ್ನೊಂದು ಸೌಟು ಹಾಕಿ."

ಹಾಕಿದೆ. ಆ ಸೌಟಿಗಿಂತ ದೊಡ್ಡ ಸನ್ಮಾನ ಇಂದು ನೀವು ಹೇಮಶ್ರೀಗೆ ಹೊದಿಸಿದ ಈ ಶಾಲಿನಲ್ಲಿದೆಯೇ, ನೀವೇ ಹೇಳಿ. ಕರೆಸಿ ಮಾತಾಡಿಸಿದ ಸಂಘಕ್ಕೆ, ತಾಳ್ಮೆಯಿಂದ ಕೇಳಿದ ನಿಮಗೆ, ಆ ಒಂದು ಹನಿಗೆ ಕೃತಜ್ಞತೆ ಹೇಳಿ ಕೈಮುಗಿಯುತ್ತೇನೆ. ನಮಸ್ಕಾರ.