ಮೂರು ಸ್ಟೆಪ್ಪಿನ ಕೇಕು

ಅಯ್ಯೋ, ಓವನ್ ಬಾಗಿಲು ತೆಗೀಬೇಡ ಮಾರಾಯ್ತಿ! ತಣ್ಣನೆ ಗಾಳಿ ಹೊಕ್ರೆ ನಡುವೆ ಕುಸಿದು ಹೋಗುತ್ತೆ... ಯಾರ ಮದುವೆಗಾ? ಗೊತ್ತಿದ್ದೂ ಕೇಳ್ತೀಯಲ್ಲ ಗುಡ್ಡಮ್ಮ. ನಿನ್ನ ಮಗಳದ್ದು. ಹೌದು, ನಿನ್ನ ಮಗಳು! ನಂಗೆ ಮಗಳಿಲ್ಲ. ಹೇಳದೆ ಕೇಳದೆ ಶಿಕಾರಿಪುರದ ಆ ಸುರೇಂದ್ರನ ಬೈಕ್ ಹತ್ತಿ ಹೋದ್ಲಲ್ಲ, ಅವತ್ತೇ ಅವಳ ಋಣ ಹರೀತು.

ಮುಖ ಯಾಕೆ ತಿರುಗಿಸ್ತೀಯ? ಆರ್ಡರ್ ಕಣೇ, ಆರ್ಡರ್! ನಾಳೆ ರಿಸೆಪ್ಶನ್ನು. ಡೆಕೋರೇಷನ್ ಹುಚ್ಚರಾಯಪ್ಪ ಫೋನ್ ಮಾಡಿದ. 'ಉಜ್ಜಪ್ಪಣ್ಣ, ಮೂರು ಸ್ಟೆಪ್ಪಿನ ಕೇಕು ಬೇಕು' ಅಂದ. ಆನವಟ್ಟಿ ಸುತ್ತ ಬೇರೆ ಯಾರು ಮಾಡ್ತಾರೆ? ಹೆಸರು ಬರೀಬೇಕಲ್ಲ, ಹೇಳಪ್ಪ ಅಂದೆ. 'ಸಂಗೀತ' ಅಂದು ನಾಲಿಗೆ ಕಚ್ಕೊಂಡ. ಬರೀತೀನಿ ಬಿಡು ಅಂದೆ. ಅಂಗಡಿ ತೆಗೆದು ಕೂತ ಮೇಲೆ ಗಿರಾಕಿ ಯಾರಾದ್ರೇನು?

ಗಂಡಿನ ಕಡೆಯೋರ ಯೋಗ್ಯತೆ ಕೇಳು. ಮೇಲಿನ ಸ್ಟೆಪ್ಪು ಮಾತ್ರ ಕೇಕಂತೆ. ಕೆಳಗಿನ ಎರಡಕ್ಕೂ ಥರ್ಮಾಕೋಲ್ ಇಟ್ಟು ಕ್ರೀಮು ಬಳಿದ್ರೆ ಸಾಕಂತೆ. ಮೇಲೆ ಥಳುಕು, ಒಳಗೆ ಹುಳುಕು! ಅಂಥಾ ಮನೆ ಹುಡ್ಕೊಂಡು ಹೋದ್ಲು. ಸಿಗಲಿ, ಥರ್ಮಾಕೋಲೇ ಸಿಗಲಿ!

ಅಳ್ತಿದ್ದೀಯಾ? ಅಳ್ಬೇಡ. ಆ ಬಟ್ಟೆ ಪಟ್ಟಿ ಒದ್ದೆ ಮಾಡಿ ಕೊಡು, ಈ ಟಿನ್ನಿಗೆ ಸುತ್ತಬೇಕು. ಟಿನ್ನು ದೊಡ್ಡದಾದ್ರೆ ಅಂಚು ಬೇಗ ಬೆಂದು ಗಟ್ಟಿಯಾಗುತ್ತೆ, ನಡು ಹಸೀನೇ ಉಳಿಯುತ್ತೆ. ಒದ್ದೆ ಬಟ್ಟೆ ಸುತ್ತಿದ್ರೆ ಅಂಚಿಗೆ ಕಾವು ಕಮ್ಮಿ, ಎಲ್ಲಾ ಕಡೆ ಒಂದೇ ಸಮ ಏಳುತ್ತೆ. ಚಿಕ್ಕೋಳಿದ್ದಾಗ ಅವಳೇ ಸುತ್ತಿ ಕೊಡ್ತಿದ್ಲು... ಥೂ, ಆ ಮಾತು ಯಾಕೆ ಬಂತೋ!

ಎಂತ? ಮೇಲಿನ ಸ್ಟೆಪ್ಪು ಆಗಲೇ ಮೇಜಿನ ಮೇಲೈತಾ? ಐತೆ. ಓವನ್ನಲ್ಲಿರೋದಾ? ಅದು... ಅದು ಬೇರೆ ಆರ್ಡರು. ಈ ದೊಡ್ಡದೂ... ಹ್ಞೂಂ, ಇದೂ ಬೇರೆ ಆರ್ಡರು. ಯಾರದ್ದು ಅಂದ್ರೆ... ಯಾರದ್ದೋ! ನಿಂಗ್ಯಾಕೆ?

ಏ, ಆ ಮೂಲೆ ಕಡೆ ಯಾಕೆ ನೋಡ್ತೀಯ? ಥರ್ಮಾಕೋಲ್ ಅದು. ಹೌದು, ಪ್ಲಾಸ್ಟಿಕ್ ಬಿಚ್ಚಿಲ್ಲ. ಬಿಚ್ತೀನಿ. ಟೈಮೈತೆ.

ಗುಡ್ಡಮ್ಮ... ಹಂಗೆ ನೋಡ್ಬೇಡ.

ನಾಲ್ಕು ಜನದ ಮುಂದೆ ಅವಳು ಚಾಕು ಹಾಕಿದಾಗ ಥರ್ಮಾಕೋಲ್ ಕಿರ್ ಅನ್ಬಾರ್ದು ಕಣೇ. ಎಲ್ಲಿ ಹಾಕಿದ್ರೂ ಕೇಕೇ ಸಿಗಬೇಕು...

ಬಟ್ಟೆ ಒಣಗ್ತಾ ಐತೆ. ಇನ್ನೊಂದ್ಸಲ ಅದ್ದಿ ಕೊಡು.