ಬದಲಿ ಅಣ್ಣನ ಹಸಿರು ಚೌಕ

ದೀಪ ಆರಿಸಬೇಡಿ, ಹೇಳ್ತೀನಿ. ಅವರಿವರ ಬಾಯಿಂದ ಕೇಳಿದ್ದಲ್ಲ ಇದು, ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು.

ಆವತ್ತು ರಾತ್ರಿ ಅಕ್ಕ ಒಬ್ಬಳೇ ಬಿರಬಿರನೆ ನಡೆದು ಬರ್ತಿದ್ದಳು. ಹಳೇ ಬಾವಿ ಹತ್ತಿರ ಬಂದಾಗ ಎದುರಿಂದ ಚಪ್ಪಲಿ ಸದ್ದು... ಚಟ್, ಪಟ್. ಜೊತೆಗೆ ಕೀಲಿಗೊಂಚಲು... ಝಿಣ್, ಝಿಣ್. ರಸ್ತೆ ನೋಡಿದ್ರೆ ಖಾಲಿ. ಸದ್ದು ಹತ್ತಿರ ಬಂತು... ಪಕ್ಕಕ್ಕೇ ಬಂತು.

"ಹೊರಡಮ್ಮ," ಅಂತು ಒಂದು ಪಿಸುದನಿ. "ನಾನು ನೋಡ್ಕೋತೀನಿ."

ಅಕ್ಕ ಓಟ ಕಿತ್ತಳು. ಆ ದನಿ ಅವಳಿಗೆ ಗೊತ್ತಿತ್ತು.

ಅಕ್ಕ ಕೆಲಸ ಮಾಡೋದು ಆಂಬುಲೆನ್ಸ್ ಆಫೀಸಿನ ಫೋನ್ ಕೋಣೇಲಿ. ವಿಳಾಸ ಕೇಳೋದು, ಗಾಡಿ ಕಳಿಸೋದು. ಯಾರು ಯಾವಾಗ ಬಿಡುವು ಅಂತ ನೋಡೋಕೆ ಎಲ್ಲರ ಮೊಬೈಲಲ್ಲೂ ಒಂದೇ ಕ್ಯಾಲೆಂಡರ್. ಬರ್ತೀನಿ ಅಂದ್ರೆ ಚೌಕ ಹಸಿರು, ಆಗಲ್ಲ ಅಂದ್ರೆ ಕೆಂಪು. ಬದಲಿಯವರ ಚೌಕ ಹಸಿರಾಗೋ ತನಕ ಕೂತವರು ಏಳೋ ಹಾಗಿಲ್ಲ. ಜನರ ಪ್ರಾಣದ ವಿಷಯ ನೋಡಿ.

ಅಲ್ಲೊಬ್ಬರಿದ್ರು, ಬದಲಿ ಅಣ್ಣ. ಯಾರು ಕೇಳಿದ್ರೂ ಬದಲಿಗೆ ಕೂರಲ್ಲ ಅನ್ನೋರಲ್ಲ. ಆದ್ರೆ ಒಂದು ರಾತ್ರಿ ಕೊಟ್ರೆ ಒಂದು ರಾತ್ರಿ ವಾಪಸ್ ಬೇಕೇ ಬೇಕು. "ನನ್ನ ಜಾಗದಲ್ಲಿ ನೀನು ಕೂರಬೇಕು, ಆಗಲೇ ಸಮ," ಅನ್ನೋರು. ಕಳೆದ ವರ್ಷ ಡ್ಯೂಟಿ ಮುಗಿಸಿ ಹೋಗ್ತಾ ಆ ಬಾವಿಗೆ ಬಿದ್ದು ತೀರ್ಕೊಂಡ್ರು. ಹೆಣ ಸಿಕ್ತು, ಯಾವಾಗಲೂ ಅವರ ಸೊಂಟದಲ್ಲಿರ್ತಿದ್ದ ಕೀಲಿಗೊಂಚಲು ಸಿಗಲಿಲ್ಲ. ಕ್ಯಾಲೆಂಡರಿಂದ ಅವರ ಹೆಸರು ತೆಗೆಯೋಕೆ ಯಾರಿಗೂ ಮನಸ್ಸು ಬರಲಿಲ್ಲ. ಇರಲಿ ಬಿಡಿ ಪಾಪ, ಅಂದಿದ್ರು ಆಫೀಸಿನ ಮೇಡಂ. ಎಡವಟ್ಟಾಗಿದ್ದು ಅಲ್ಲೇ.

ಆ ರಾತ್ರಿ ಅಕ್ಕನ ಮಗಳಿಗೆ ಜ್ವರ ನೆತ್ತಿಗೇರಿತ್ತು. ಅವಳ ಅತ್ತೆ ಮೇಲಿಂದ ಮೇಲೆ ಫೋನ್ ಮಾಡ್ತಿದ್ರು. ಕ್ಯಾಲೆಂಡರ್ ನೋಡಿದ್ರೆ ಎಲ್ಲರದೂ ಕೆಂಪು. ಬಾಗಿಲು ಕಣ್ಣೆದುರೇ ಇದೆ, ದಾಟೋ ಹಾಗಿಲ್ಲ. ಕೊನೆಗೆ ಆಫೀಸಿನ ಕರೆಗಳೆಲ್ಲ ತನ್ನ ಮೊಬೈಲಿಗೆ ಬರೋ ಹಾಗೆ ಮಾಡಿ, ಮೇಡಂ ಕಣ್ಣಿಗೆ ಜಾಗ ತುಂಬಿರಲಿ ಅಂತ ತನ್ನ ರಾತ್ರೀನ ಬದಲಿ ಅಣ್ಣನ ಹೆಸರಿಗೆ ಹಾಕಿದ್ಲು.

ಚೌಕ... ಹಸಿರಾಯ್ತು.

ಆ ಕಡೆಯವರು ಒಪ್ಕೊಂಡ್ರೆ ಮಾತ್ರ ಅದು ಹಸಿರಾಗೋದು. ಅದನ್ನೆಲ್ಲ ಯೋಚಿಸೋ ಸ್ಥಿತೀಲಿ ಅವಳಿರಲಿಲ್ಲ, ಎದ್ದು ಹೊರಟೇಬಿಟ್ಟಳು. ಬಾವಿ ಹತ್ತಿರ ಆ ದನಿ ಕೇಳಿದ್ದು ಆಗಲೇ.

ಓಡಿ ಮನೆ ಮುಟ್ಟಿದ್ರೆ, ಬಾಗಿಲಲ್ಲಿ ಆಂಬುಲೆನ್ಸ್ ನಿಂತಿದೆ. ಮಗುವಿಗೆ ಫಿಟ್ಸ್ ಬಂದು ಕೈಕಾಲು ಸೆಟೆದಿತ್ತು. ಡ್ರೈವರ್ ಎತ್ಕೊಂಡು ಹೊರಗೆ ಬರ್ತಿದ್ದ. ಸ್ವಲ್ಪ ತಡವಾಗಿದ್ರೂ ಉಳೀತಿರಲಿಲ್ಲ ಅಂದ್ರಂತೆ ಡಾಕ್ಟ್ರು.

"ನಿನ್ನ ಯಾರು ಕಳಿಸಿದ್ದು?" ಅಂತ ಡ್ರೈವರನ್ನ ಕೇಳಿದ್ಲು ಅಕ್ಕ.

"ಫೋನ್ ಕೋಣೆಯಿಂದಾನೇ ಹೇಳಿದ್ರಲ್ಲಕ್ಕಾ," ಅಂದ ಡ್ರೈವರ್, ಮೆಲ್ಲಗೆ. "ಯಾರೋ ವಯಸ್ಸಾದೋರು."

ಬೆಳಗಿನ ತನಕ ಅಕ್ಕನ ಮೊಬೈಲಿಗೆ ಆಫೀಸಿನ ಒಂದು ಕರೆಯೂ ಬರಲಿಲ್ಲ.

ಮಾರನೇ ದಿನ ಅವಳ ಹೆಸರಿನ ಮುಂದೆ, ತಿಂಗಳ ಕೊನೇಲಿ, ಹೊಸ ಚೌಕ. ಬದಲಿ, ಅಂತ ಬರೆದಿತ್ತು. ಅಳಿಸಿದ್ಲು. ಒಂದು ದಿನ ಈಚೆಗೆ ಬಂದು ಕೂತಿತು. ಮತ್ತೆ ಅಳಿಸಿದ್ಲು, ಇನ್ನೂ ಹತ್ತಿರ ಬಂತು. ಮೇಡಂ ಅಣ್ಣನ ಹೆಸರನ್ನೇ ತೆಗೆದುಹಾಕಿದ್ರು... ಚೌಕ ಹೋಗಲಿಲ್ಲ. ಈ ಕೆಲಸಾನೇ ಬೇಡ, ಬಿಟ್ಟುಬಿಡ್ತೀನಿ ಅಂದ್ಲು ಅಕ್ಕ.

ಆ ರಾತ್ರಿ ಮಗಳು ನಿದ್ದೆಗಣ್ಣಲ್ಲಿ ಪಿಸುಗುಟ್ಟಿದ್ಲು. "ಅಮ್ಮಾ... ಕೀಲಿ ತಾತ ಬಂದಿದ್ರು. ನೀನು ಬರದಿದ್ರೆ ನಾನು ಬಂದ್ರೂ ಆಗುತ್ತಂತೆ."

ಆಮೇಲೆ ಅಕ್ಕ ಏನನ್ನೂ ಅಳಿಸಲಿಲ್ಲ. ಹಸಿರು ಒತ್ತಿದ್ಲು.

ಆ ಚೌಕದ ದಿನ ನಾಳಿದ್ದು. ನಾನು ನಿನ್ನೆ ಅಕ್ಕನ ಮನೆಗೆ ಹೋಗಿದ್ದೆ. ಡ್ಯೂಟಿ ಕೋಟು ಇಸ್ತ್ರಿ ಮಾಡಿ ಬಾಗಿಲ ಹಿಂದೆ ನೇತುಹಾಕಿದ್ಲು. ಮಡಿಕೆ ಸರಿ ಮಾಡೋಣ ಅಂತ ಜೇಬಿಗೆ ಕೈ ಹಾಕಿದೆ. ಸುಳ್ಳಾದ್ರೆ ನನ್ನ ನಾಲಿಗೆ ಬಿದ್ದುಹೋಗ್ಲಿ... ಒಂದು ಕೀಲಿಗೊಂಚಲು ಇತ್ತು. ಒದ್ದೆಯಾಗಿತ್ತು.