ಲೈಟರ್ ಹಚ್ಚಿ ತೋರಿಸುವ ತುಂಡು

ಬಸ್ ಕಾಯುವ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಕ್ಕ, ಅವಳ ತಮ್ಮ. ಅಕ್ಕ ಫೋಮ್ ಶೀಟ್ ಮಾಡುವವಳು, ತಮ್ಮ ಅದನ್ನು ಮಾರುವವನು.

“ನಾನು ಊರಲ್ಲಿ ಇಲ್ದಾಗ ಶೀಟಿಗೆ ಹಾಕೋ ಬೆಂಕಿ ತಡೆಯೋ ಪುಡಿ ಅರ್ಧಕ್ಕೆ ಇಳಿಸಿದ್ಯಲ್ಲೋ, ನಿಂಗೆ ತಲೆ ನೆಟ್ಟಗಿದ್ಯಾ?”

“ಪುಡಿ ಜಾಸ್ತಿಯಾದ್ರೆ ಶೀಟ್ ಮುರಿಯುತ್ತೆ ಅಂತ ಗಿರಾಕಿಗಳು ಬಾಯಿಗೆ ಬಂದಂಗೆ ಬೈತಾರಕ್ಕ.”

“ಮತ್ತೆ ಅವರ ಮುಂದೆ ಲೈಟರ್ ಹಚ್ಚಿ ತೋರಿಸ್ತೀಯಲ್ಲ, ತಾನೇ ಆರಿಹೋಗೋ ತುಂಡು?”

“ಅದು... ನೀನು ಮೊದಲು ಮಾಡಿದ್ದು.”

“ಸ್ಕೂಲ್ ಚಾವಣಿಗೆ ಹಾಕಿದ್ದು?”

“ಹೊಸದು.”

ಅಕ್ಕ ಅವನ ಚೀಲದಿಂದ ಹೊಸ ಶೀಟಿನ ತುಂಡೊಂದನ್ನು ಎಳೆದು ಅವನ ಮುಖಕ್ಕೆ ಹಿಡಿದಳು.

“ತೆಗಿ ಲೈಟರು. ಹಚ್ಚು, ನೋಡೇಬಿಡೋಣ.”

“ಹುಚ್ಚು ಹಿಡಿದಿದ್ಯಾ ಅಕ್ಕ? ಇಲ್ಲಿ ಜನ ಇದ್ದಾರೆ!”

“ಸ್ಕೂಲಲ್ಲಿ ಯಾರಿರ್ತಾರೋ?”

ಬಸ್ ಬಂತು. ತುಂಡನ್ನು ಕೈಯಲ್ಲಿ ಹಿಡಿದೇ ಹತ್ತಿದ ಅಕ್ಕ, ಕಂಡಕ್ಟರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು: “ಸ್ಕೂಲ್ ಸ್ಟಾಪಿಗೆ ಒಂದು.”

ತಮ್ಮ ಹಿಂದೆಯೇ ಓಡಿದ.